ನಾಲ್ಕು ಕೊಕ್ಕೆ, ಒಂದು ದಾರ

ಸೆಪ್ಟೆಂಬರ್ 9, ಮಂಗಳವಾರ

ಇವತ್ತು ನಾಲ್ಕನೆಯ ಕೆಲಸಕ್ಕೆ ಸೇರಿದೆ. ಬೇಕರಿಯಲ್ಲಿ ಹನ್ನೊಂದು ದಿನ ಇದ್ದೆ, ಹೊಲಿಗೆ ಕಾರ್ಖಾನೆಯಲ್ಲಿ ಎರಡು ತಿಂಗಳು, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಐದು ತಿಂಗಳು. ಆ ಅಂಗಡಿಯವನು ಹಳೆಯ ಬ್ಯಾಟರಿಗೆ ಹೊಸ ಚೀಟಿ ಅಂಟಿಸು ಎಂದ. ಗಿರಾಕಿ ಎದುರಿಗೇ ನಿಂತಿದ್ದಳು. "ಇದು ಹಳೇದು" ಎಂದು ಅವಳಿಗೆ ಹೇಳಿದೆ. ಅಲ್ಲಿಗೆ ಆ ಕೆಲಸ ಮುಗಿಯಿತು.

ಹೊಸ ಕೆಲಸ ನಮ್ಮ ದ್ವೀಪದ ಎದುರು ದಡದ ಸ್ಫಾಕ್ಸ್ ಪಟ್ಟಣದಲ್ಲಿ, ಆಲಿವ್ ಎಣ್ಣೆ ಗೋದಾಮಿನ ಮೇಲಿನ ಮಹಡಿಯಲ್ಲಿ. ಒಂಬತ್ತು ಜನ ಸೇರಿ ಉಪಗ್ರಹ ಕಟ್ಟುತ್ತಿದ್ದಾರೆ. ಉಪಗ್ರಹ ಎಂದರೆ ಮನೆಯಷ್ಟು ದೊಡ್ಡದು ಎಂದುಕೊಂಡಿದ್ದೆ. ಇದು ಹಾಲಿನ ಲೀಟರ್ ಡಬ್ಬಿ ಮೂರನ್ನು ಒಂದರ ಮೇಲೊಂದು ಇಟ್ಟಷ್ಟಿದೆ. ಈಗೆಲ್ಲ ಹೀಗೇ ಅಂತೆ. ಹತ್ತಾರು ದೇಶಗಳ ಇಂಥ ಪುಟ್ಟ ಡಬ್ಬಿಗಳು ಬಸ್ಸಿನಲ್ಲಿ ಸೀಟು ಹಿಡಿದ ಹಾಗೆ ಒಂದೇ ರಾಕೆಟ್ಟಿನಲ್ಲಿ ಹೋಗುತ್ತವಂತೆ.

ಕೆಲಸ ಕೊಟ್ಟವರು ಹಿರಿಯ ಇಂಜಿನಿಯರ್ ಮದಾಮ್ ರೌದಾ.

"ಓದು?"

"ಕೊನೇ ವರ್ಷ ಬಿಟ್ಟೆ."

"ಯಾಕೆ?"

"ಪರೀಕ್ಷೇಲಿ ಎಲ್ರೂ ಕಿವಿಯೊಳಗೆ ಫೋನ್ ಇಟ್ಕೊಂಡು ಬರೀತಿದ್ರು. ಎದ್ದು ನಿಂತು ಹೇಳ್ದೆ. ಆಮೇಲೆ ಶಾಲೇಲಿ ಒಬ್ಬರೂ ನನ್ ಜೊತೆ ಮಾತಾಡ್ಲಿಲ್ಲ."

"ನೀನು ಇಟ್ಕೊಂಡಿರ್ಲಿಲ್ವಾ?"

"ನನ್ನ ಹತ್ರ ಅಷ್ಟು ಚಿಕ್ಕ ಫೋನ್ ಇರ್ಲಿಲ್ಲ."

ಅವರು ನಕ್ಕರು. ಆಮೇಲೆ ಕೈ ನೋಡಿದರು, ಮದುವೆ ಉಂಗುರ ಕೊಳ್ಳುವವರು ನೋಡುವ ಹಾಗೆ. "ಕೆರ್ಕೆನ್ನಾ ದ್ವೀಪದ ಷಾದ್ಲಿ ಮಗಳು ಅಂದ್ರು. ಬಲೆ ಹೆಣಿಯೋ ಕೈ. ನಮ್ಮ ಹುಡುಗರಿಗೆ ಓದಿದೆ, ಬೆರಳಿಲ್ಲ."

ಮನೆಗೆ ಬಂದು ಅಪ್ಪನಿಗೆ ಹೇಳಿದೆ. "ಈ ಕೈ ಒಂದು ಕಡೆ ನಿಲ್ಲಲ್ಲ ಅಂತ ಬೈತಿದ್ದೆ. ಈಗ ಆಕಾಶಕ್ಕೆ ಬೇಕಾಯ್ತಾ?" ಎಂದ.

ಆಕ್ಟೋಪಸ್ ಹಿಡಿಯುವ ಕಾಲ ಶುರುವಾದರೆ ಇದನ್ನು ಬಿಟ್ಟು ಅಪ್ಪನ ದೋಣಿಗೆ ಹೋಗುತ್ತೇನೆ. ಫೆರಿಯಲ್ಲಿ ಹೋಗಿಬರಲು ದಿನಕ್ಕೆ ಮೂರು ಗಂಟೆ ಬೇಕು. ಅಷ್ಟು ಹೊತ್ತು ಸುಮ್ಮನೆ ಕುಳಿತಿರಲು ನನ್ನಿಂದಾಗದು. ಅದಕ್ಕೇ ಈ ನೋಟ್‌ಬುಕ್.

ಸೆಪ್ಟೆಂಬರ್ 24, ಬುಧವಾರ

ನನ್ನ ಕೆಲಸ ದಾರ ಕಟ್ಟುವುದು. ಉಪಗ್ರಹದ ಮೈಗೆ ನಾಲ್ಕು ಉಕ್ಕಿನ ಪಟ್ಟಿಗಳಿವೆ, ಬಡಗಿಯ ಅಳತೆಪಟ್ಟಿಯಂಥವು. ಅವನ್ನು ಮಡಚಿ, ನಾಲ್ಕು ಮೂಲೆಯ ಕೊಕ್ಕೆಗಳ ಮೇಲೆ ನೈಲಾನ್ ದಾರ ಹಾಯಿಸಿ ಕಟ್ಟಬೇಕು. ರಾಕೆಟ್ಟಿನಿಂದ ಹೊರಬಿದ್ದ ಅರ್ಧ ಗಂಟೆಗೆ ಒಂದು ಸಣ್ಣ ತಂತಿ ಬಿಸಿಯಾಗುತ್ತದೆ. ದಾರ ಕರಗಿ ಕಡಿಯುತ್ತದೆ. ಪಟ್ಟಿಗಳು ಚಿಮ್ಮಿ ನೆಟ್ಟಗೆ ನಿಲ್ಲುತ್ತವೆ. ಅವೇ ಅದರ ಕಿವಿ, ಅವೇ ಬಾಯಿ. ಬಿಚ್ಚಿಕೊಳ್ಳದಿದ್ದರೆ ಅದು ಮೇಲೆ ಸುತ್ತುವ ಬರೀ ಡಬ್ಬಿ.

ಮೊದಲ ಸಲ ಕಟ್ಟಿ ಕೊಟ್ಟೆ. ಅನೀಸ್ ಎಂಬ ಇಂಜಿನಿಯರ್ ದಾರವನ್ನು ಒಂದು ಕಡೆ ಕತ್ತರಿಸಿದ. ಏನೂ ಆಗಲಿಲ್ಲ. ಪಟ್ಟಿಗಳು ಹಾಗೇ ಮಲಗಿದ್ದವು.

"ಇದೇನು, ಜೈಲು ಕಟ್ಟಿದ್ದೀಯಾ?" ಎಂದ.

ನೋಡಿದರೆ ಪ್ರತಿ ಕೊಕ್ಕೆಗೂ ಒಂದೊಂದು ಬೀಗ ಹಾಕಿಬಿಟ್ಟಿದ್ದೆ. ಬಲೆಯಲ್ಲಿ ದಾರವನ್ನು ಒಂದು ಸುತ್ತು ಸುತ್ತಿ ತನ್ನ ಮೇಲೆ ತಾನೇ ಬಿಗಿಸಿಕೊಳ್ಳುವಂತೆ ಮಾಡುವುದನ್ನು ಅಪ್ಪ ಬೀಗ ಅನ್ನುತ್ತಾನೆ. ಮೀನು ಒಂದು ಕಡೆ ಕಡಿದರೂ ಉಳಿದ ಬಲೆ ಬಿಡಬಾರದು. ಇಲ್ಲಿ ಅದರ ಉಲ್ಟಾ. ಒಂದು ಕಡೆ ಕಡಿದರೆ ಎಲ್ಲವೂ ಬಿಡಬೇಕು. ದಾರ ಕೊಕ್ಕೆಗಳ ಮೇಲೆ ಸುಮ್ಮನೆ ಹಾದುಹೋಗಬೇಕು, ಗಂಟು ಕೊನೆಯಲ್ಲಿ ಒಂದೇ.

ಅನೀಸನ ಬೆಸುಗೆ ನೋಡಿ "ಕೋಳಿ ಕೆದಕಿದ ಹಾಗಿದೆ" ಎಂದೆ. ನಿಜಕ್ಕೂ ಹಾಗೇ ಇತ್ತು. ಮಧ್ಯಾಹ್ನದವರೆಗೆ ಅವನು ಮಾತಾಡಲಿಲ್ಲ.

ಸಂಜೆ ಅಪ್ಪ ರಿಪೇರಿ ಮಾಡಿದ ಬಲೆ ತೋರಿಸಿ "ಹೇಗಿದೆ?" ಎಂದು ಕೇಳಿದ. ಬಲೆಯ ಕಣ್ಣುಗಳು ದೊಡ್ಡದು ಚಿಕ್ಕದು ಆಗಿದ್ದವು. "ಕಣ್ಣು ಸಮ ಇಲ್ಲ ಬಾಬಾ. ನಿನಗೆ ಈಗೀಗ ಕಾಣಲ್ಲ" ಎಂದೆ. ಅವನು ಬಲೆ ಮಡಚಿಟ್ಟು ಒಳಗೆ ಹೋದ. ಕೇಳಿದ್ದಕ್ಕೆ ಹೇಳಿದೆ, ಅಷ್ಟೇ.

ಅಕ್ಟೋಬರ್ 20, ಸೋಮವಾರ

ಆಕ್ಟೋಪಸ್ ಕಾಲ ಶುರುವಾಗಿದೆ. ಅಪ್ಪ ಅವು ಹೊಕ್ಕು ಕೂರುವ ಮಡಕೆಗಳನ್ನು ಕಡಲಿಗೆ ಬಿಟ್ಟು ಬಂದ. ಈ ವಾರ ಕೆಲಸ ಬಿಡಲಾಗದು, ಉಪಗ್ರಹವನ್ನು ಮೇಜಿಗೆ ಕಟ್ಟಿ ಗಡಗಡ ನಡುಗಿಸುವ ಪರೀಕ್ಷೆ ಇದೆ. ಅದು ಮುಗಿದ ಮೇಲೆ ನೋಡೋಣ.

ಇದು ಯಾಕೆ ಬೇಕು ಎಂದು ಅಪ್ಪ ಕೇಳಿದ. ಚಿಕ್ಕ ದೋಣಿಗಳಿಗೆ ಒಂದೊಂದು ಗುಂಡಿ ಕೊಡುತ್ತಾರೆ, ಫೋನ್ ಸಿಗದ ಕಡೆ ತೊಂದರೆಯಾದರೆ ಒತ್ತಬೇಕು, ಮೇಲೆ ಹೋಗುವ ಡಬ್ಬಿ ಅದನ್ನು ಕೇಳಿಸಿಕೊಂಡು ದಡಕ್ಕೆ ಹೇಳುತ್ತದೆ ಎಂದೆ. ಮೊದಲು ಇಪ್ಪತ್ತು ದೋಣಿಗೆ. ಅಪ್ಪನ ಹೆಸರು ಬರೆಸಿದ್ದೇನೆ.

"ನಾನು ಮುಳುಗೋ ಹೊತ್ತಿಗೆ ಅದು ಚೀನಾ ಮೇಲಿದ್ರೆ?"

"ಕಾಯ್ಬೇಕು. ದಿನಕ್ಕೆ ನಾಲ್ಕೈದು ಸಲ ಬರತ್ತೆ."

"ಹಾಗಾದ್ರೆ ಸಾಯೋರು ಟೈಂ ನೋಡ್ಕೊಂಡು ಸಾಯ್ಬೇಕು."

"ಮುಂದೆ ನೂರಾರು ಹಾರಿಸ್ತಾರಂತೆ, ಒಂದು ಹೋಗೋದ್ರಲ್ಲಿ ಇನ್ನೊಂದು ಬರೋ ಹಾಗೆ. ಇದು ಮೊದಲನೇದು. ಮೊದಲನೇದು ಮಾತಾಡಿದ್ರೆ ತಾನೇ ಎರಡನೇದು."

ಇದು ಮದಾಮ್ ರೌದಾ ಹೇಳಿದ ಮಾತು. ನನ್ನದು ಎನ್ನುವ ಹಾಗೆ ಹೇಳಿದೆ, ಅಪ್ಪ ಕಣ್ಣರಳಿಸಿ ಕೇಳಿದ. ಆಮೇಲೆ ಮದಾಮ್ ಮಾತು ಎಂದು ಸರಿಪಡಿಸಿದೆ.

ನವೆಂಬರ್ 27, ಗುರುವಾರ

ನಾಳೆ ಉಪಗ್ರಹ ಇಟಲಿಗೆ ಹೊರಡುತ್ತದೆ. ಅಲ್ಲಿ ಅದನ್ನು ರಾಕೆಟ್ಟಿಗೆ ಹೋಗುವ ಪೆಟ್ಟಿಗೆಯೊಳಗೆ ಕೂರಿಸುತ್ತಾರೆ.

ಬೆಳಗ್ಗೆ ಕೊನೆಯ ಪರೀಕ್ಷೆ ಆಯಿತು. ತಂತಿ ಬಿಸಿಯಾಯಿತು, ದಾರ ಕಡಿಯಿತು, ಪಟ್ಟಿಗಳು ಟಪ್ ಎಂದು ನಿಂತವು, ಎಲ್ಲರೂ ಚಪ್ಪಾಳೆ ತಟ್ಟಿದರು. ಮಧ್ಯಾಹ್ನ ಹೊಸ ದಾರದಿಂದ ಮತ್ತೆ ಕಟ್ಟಿದೆ. ಇದನ್ನು ಪರೀಕ್ಷಿಸುವ ಹಾಗಿಲ್ಲ. ಪರೀಕ್ಷಿಸಿದರೆ ಕಡಿಯುತ್ತದೆ, ಕಡಿದರೆ ಮತ್ತೆ ಕಟ್ಟಬೇಕು. ಮೇಲೆ ಹೋಗುವ ಗಂಟು ಯಾವಾಗಲೂ ಪರೀಕ್ಷೆಯಾಗದ ಗಂಟೇ.

ಕಟ್ಟುವಾಗ ಅನೀಸ್ ಪಕ್ಕದಲ್ಲಿ ನಿಂತು ಹರಟುತ್ತಿದ್ದ. ಮುಂದೆ ಉಪಗ್ರಹಗಳೇ ಉಪಗ್ರಹಗಳನ್ನು ರಿಪೇರಿ ಮಾಡುತ್ತವಂತೆ, ಕೆಟ್ಟದ್ದನ್ನು ಹಿಡಿದು ಕೆಳಗೆ ಎಳೆದು ಸುಟ್ಟುಹಾಕುತ್ತವಂತೆ, ಮೇಲೆ ಕಸ ಉಳಿಯದ ಹಾಗೆ. "ಹಾಗಾದ್ರೆ ಮೊದಲು ನಿನ್ನ ಬೆಸುಗೆ ಹಿಡ್ಕೊಂಡು ಹೋಗ್ತವೆ" ಎಂದೆ. ಮುಖಗವಸಿನೊಳಗೇ ನಕ್ಕ.

ಪೆಟ್ಟಿಗೆ ಮುಚ್ಚುವ ಮುಂಚೆ ಅದಕ್ಕೆ ಒಮ್ಮೆ ಕೈ ಮುಟ್ಟಿಸಿದೆ. ಕೈಗವಸು ಇತ್ತು.

ಡಿಸೆಂಬರ್ 14, ಭಾನುವಾರ

ಅಂಗಳದಲ್ಲಿ ಅಪ್ಪನ ಜೊತೆ ಬಲೆ ರಿಪೇರಿಗೆ ಕುಳಿತಿದ್ದೆ. ಪಕ್ಕದ ಮನೆಯ ಮದುವೆಗೆ ಕರೆದರೋ ಇಲ್ಲವೋ ಎಂಬ ಮಾತು. ಮಾತಾಡುತ್ತ ಕೈ ನೋಡಿಕೊಂಡೆ. ಬೀಗ, ಬೀಗ, ಬೀಗ. ನಾನು ಹಾಕುತ್ತಿರಲಿಲ್ಲ. ಕೈ ಹಾಕುತ್ತಿತ್ತು.

ಅವತ್ತು ಉಪಗ್ರಹದ ದಾರವನ್ನೂ ಮಾತಾಡುತ್ತಲೇ ಕಟ್ಟಿದ್ದೆ.

ಕೊಕ್ಕೆಗಳ ಮೇಲೆ ಕೈ ಏನು ಮಾಡಿತು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಅನೀಸ್ ಹೇಳಿದ ಒಂದೊಂದು ಮಾತೂ ನೆನಪಿದೆ. ಕೈ ಮಾಡಿದ್ದು ನೆನಪಿಲ್ಲ.

ಡಿಸೆಂಬರ್ 15, ಸೋಮವಾರ

ಕಟ್ಟಿದ ದಿನ ತೆಗೆದ ಫೋಟೊ ಹುಡುಕಿ ನೋಡಿದೆ. ಕೊನೆಯ ಗಂಟು ಕಾಣುತ್ತದೆ. ಕೊಕ್ಕೆಗಳ ಮೇಲೆ ನನ್ನ ಹೆಬ್ಬೆರಳಿದೆ.

ಮದಾಮ್‌ಗೆ ಹೇಳಲಿಲ್ಲ. ಅವರು ಫೋನಿನಲ್ಲಿದ್ದರು.

ಡಿಸೆಂಬರ್ 16, ಮಂಗಳವಾರ

ಹೇಳಲಿಲ್ಲ. ಎಲ್ಲರೂ ಇದ್ದರು.

ಡಿಸೆಂಬರ್ 17, ಬುಧವಾರ

ಗಾಳಿ ಜೋರು, ಫೆರಿ ಇಲ್ಲ. ಮನೆಯಲ್ಲೇ ಇದ್ದೆ. ಫೋನ್ ಮಾಡಿ ಹೇಳಬಹುದಿತ್ತು. ಹೇಳಿದರೆ ತೆಗೆದುಹಾಕುತ್ತಾರೆ, ಅದು ನ್ಯಾಯವೇ. ಆದರೆ ಮಾರ್ಚ್‌ನಿಂದ ಎರಡನೆಯ ಉಪಗ್ರಹದ ಕೆಲಸ ಶುರು. ಅದರ ಕೊಕ್ಕೆಗಳನ್ನು ಸ್ವಲ್ಪ ದುಂಡಗೆ ಮಾಡಿದರೆ ದಾರ ಸವೆಯುವುದಿಲ್ಲ. ಚಿತ್ರ ಬರೆದಿಟ್ಟಿದ್ದೇನೆ.

ಡಿಸೆಂಬರ್ 18, ಗುರುವಾರ

ಹೇಳಿದೆ.

ಮದಾಮ್ ರೌದಾ ಕಾಫಿ ಕಪ್ಪು ಕೆಳಗಿಟ್ಟರು. "ಬೀಗ ಹಾಕಿದ್ದೀಯಾ?"

"ಗೊತ್ತಿಲ್ಲ."

"ಹಾಕಿಲ್ವಾ?"

"ಗೊತ್ತಿಲ್ಲ. ಹಾಕಿಲ್ಲ ಅಂತ ಹೇಳೋಕೆ ನನ್ನಿಂದ ಆಗಲ್ಲ."

"ಯಾವಾಗಿಂದ ಅನುಮಾನ?"

"ಭಾನುವಾರದಿಂದ. ನಾಲ್ಕು ದಿನ ಸುಮ್ನಿದ್ದೆ."

ಅದನ್ನು ಹೇಳುವುದೇ ಹೆಚ್ಚು ಕಷ್ಟವಾಯಿತು. ಅವರು ಕಿಟಕಿಯಿಂದ ಹೊರಗೆ ನೋಡಿದರು. ಕೆಳಗೆ ಎಣ್ಣೆ ಪೀಪಾಯಿಗಳನ್ನು ಉರುಳಿಸುತ್ತಿದ್ದರು. ಆಮೇಲೆ ಅನೀಸನನ್ನು ಕರೆದರು. ಅವನು "ಮಾತಾಡಿಸಿದ್ದು ನಾನು" ಎಂದ. ಯಾರೂ ಕೇಳಿರಲಿಲ್ಲ.

ಡಿಸೆಂಬರ್ 19, ಶುಕ್ರವಾರ

ಮರದ ಮಾದರಿಯೊಂದನ್ನು ಕೊಟ್ಟು ಹತ್ತು ಸಲ ಕಟ್ಟಿಸಿದರು. ಕೈ ನೋಡದೆ, ಮಾತಾಡುತ್ತ. ಅನೀಸ್ ಫುಟ್‌ಬಾಲ್, ತನ್ನ ಅಜ್ಜಿಯ ಕತ್ತೆ, ಏನೇನೋ ಹೇಳಿದ. ಯಾರಿಗೂ ನಗು ಬರಲಿಲ್ಲ.

ಹತ್ತರಲ್ಲಿ ಆರು ಸಲ ಬೀಗ.

ಮದಾಮ್ ಇಟಲಿಯವರಿಗೆ ಬರೆದಿದ್ದಾರೆ. ಪೆಟ್ಟಿಗೆ ಮತ್ತೆ ತೆರೆಯಲು ಒಪ್ಪಿದರೆ ಅದಕ್ಕೆ ದುಡ್ಡು ಕಟ್ಟಬೇಕು, ಇಲ್ಲಿ ಅದರ ಮಾತು ಹಿಡಿಯುವ ಎರಡನೆಯ ಆಂಟೆನಾಕ್ಕೆ ಇಟ್ಟಿದ್ದ ದುಡ್ಡು ಅದಕ್ಕೆ ಹೋಗುತ್ತದೆ. ಒಪ್ಪದಿದ್ದರೆ ಇದ್ದ ಹಾಗೇ ಹೋಗುತ್ತದೆ. ನನ್ನನ್ನು ಯಾರೂ ತೆಗೆದುಹಾಕಲಿಲ್ಲ. ತೆಗೆಯುತ್ತಾರೇನೋ ಎಂದು ಕಾದೆ. ಐದು ಗಂಟೆಗೆ ಮದಾಮ್ "ಫೆರಿ ತಪ್ಪಿಸ್ಕೋತೀಯ, ಹೋಗು" ಎಂದರು.

ಅಪ್ಪನಿಗೆ ಎಲ್ಲ ಹೇಳಿದೆ.

"ಬೀಗ ಹಾಕಿರ್ತೀಯ. ನಿನ್ನ ಕೈ ಹಾಕದೆ ಇರಲ್ಲ. ಐದು ವರ್ಷದವಳಿದ್ದಾಗ ಕಲಿಸಿದ್ದು" ಎಂದ. ಆಮೇಲೆ, "ನನ್ನಿಂದ ಹೀಗಾಯ್ತಾ?" ಎಂದು ಕೇಳಿದ.

ಚಹಾ ಮಾಡಿ ಕೊಟ್ಟೆ.

ಜನವರಿ 3, ಶನಿವಾರ

ಸೋಮವಾರವೇ ಇಟಲಿಯವರು ಒಪ್ಪಿದರು. ಒಬ್ಬರಿಗೆ ಮಾತ್ರ, ಎರಡು ಗಂಟೆ ಹೊತ್ತು. ನನಗೆ ವೀಸಾ ಸಿಗಲು ತಿಂಗಳುಗಟ್ಟಲೆ ಬೇಕು, ಸಿಕ್ಕರೆ. ವೀಸಾ ಇರುವುದು ಅನೀಸನಿಗೆ. ಅಲ್ಲಿ ಒಳಗೆ ಫೋನ್ ಬಿಡುವುದಿಲ್ಲ, ನಾನು ಇಲ್ಲಿಂದ ಹೇಳಿಕೊಡುವ ಹಾಗಿಲ್ಲ. ಅಂದರೆ ಎರಡು ವಾರದಲ್ಲಿ ಅವನ ಬೆರಳು ನನ್ನ ಬೆರಳಾಗಬೇಕು.

ವಾರವೆಲ್ಲ ಕಲಿಸಿದೆ. ದಾರ ಸಡಿಲ ಬಿಡುತ್ತಾನೆ, ಇಲ್ಲವೇ ಕಡಿಯುವಷ್ಟು ಎಳೆಯುತ್ತಾನೆ. ಇವತ್ತು ದ್ವೀಪಕ್ಕೇ ಕರೆತಂದೆ. ಅಪ್ಪ ಅವನ ಕೈ ನೋಡಿದ.

"ಏನ್ರೀ ಇಂಜಿನಿಯರೇ, ಮೀನಿನ ಬಾಯಿಂದ ಗಾಳ ಕೀಳೋ ಥರ ಹಿಡ್ಕೊಂಡಿದ್ದೀರಲ್ಲ. ಅದು ಕಚ್ಚಲ್ಲ."

"ಷಾದ್ಲಿ ಚಿಕ್ಕಪ್ಪಾ, ಕಚ್ಚಿದ್ರೂ ಪರವಾಗಿಲ್ಲ, ನಿಮ್ಮ ಮಗಳು ಬೈಯೋದಕ್ಕಿಂತ ವಾಸಿ."

"ಅವಳು ಎಲ್ಲರಿಗೂ ಬೈತಾಳೆ. ನಿಮಗೆ ಊಟ ಹಾಕಿ ಬೈತಿದ್ದಾಳೆ, ಅದು ಹೆಚ್ಚು."

ಅಪ್ಪ ಅವನ ಕಿರುಬೆರಳಿಗೆ ದಾರ ಸುತ್ತಿ, ಕಣ್ಣು ಮುಚ್ಚಿಸಿ, ಎಷ್ಟು ಬಿಗಿ ಇರಬೇಕೆಂದು ಎಳೆದು ಎಳೆದು ತೋರಿಸಿದ. ನನಗೆ ಚಿಕ್ಕಂದಿನಲ್ಲಿ ಹಾಗೇ ತೋರಿಸಿದ್ದು. ಮರೆತೇಹೋಗಿತ್ತು. ಆಕ್ಟೋಪಸ್ ಹಾಕಿದ ಕುಸ್‌ಕುಸ್ ಉಂಡು ಮತ್ತೆ ಕುಳಿತೆವು. ನಾಲ್ಕು ಗಂಟೆ ಹೊತ್ತಿಗೆ ಒಂದರ ಮೇಲೊಂದು ಏಳು ಸಲ ಸರಿಯಾಗಿ ಕಟ್ಟಿದ. ಮಾತಾಡಿಸಿಯೂ ನೋಡಿದೆ. ಅವನ ಕೈಗೆ ಕೆಲಸ ಕೆಡಿಸುವ ಹಳೆಯ ಅಭ್ಯಾಸಗಳಿಲ್ಲ, ಅದೊಂದು ಅನುಕೂಲ.

"ಚೆನ್ನಾಗಿದೆ" ಎಂದೆ. ಅವನು ಅಪ್ಪನ ಕಡೆ ತಿರುಗಿ, "ಕೇಳಿಸ್ತಾ? ನೀವೇ ಸಾಕ್ಷಿ" ಎಂದ.

ಜನವರಿ 14, ಬುಧವಾರ

ಮಧ್ಯಾಹ್ನ ಎರಡಕ್ಕೆ ಅನೀಸನ ಸಂದೇಶ ಬಂತು. "ಕಟ್ಟಿದೆ. ಕೊಕ್ಕೆಗಳ ಮೇಲೆ ಏನೂ ಇಲ್ಲ. ಹೆಬ್ಬೆರಳೂ ಇಲ್ಲ." ಜೊತೆಗೆ ಅಲ್ಲಿಯವರು ತೆಗೆದುಕೊಟ್ಟ ಫೋಟೊ. ದೊಡ್ಡದು ಮಾಡಿ ನಾಲ್ಕೂ ಕೊಕ್ಕೆ ನೋಡಿದೆ. ನಾನು ಕಟ್ಟಿದ್ದರೂ ಅಷ್ಟೇ ಚೆನ್ನಾಗಿರುತ್ತಿತ್ತು.

ಹಳೆಯ ದಾರ ಹೇಗಿತ್ತು ಎಂದು ಕೇಳಿದೆ. ಪಟ್ಟಿಗಳನ್ನು ಮೊದಲೇ ಟೇಪಿನಿಂದ ಒತ್ತಿ ಹಿಡಿಸಿದ್ದೆ, ಕತ್ತರಿಸಿ ಚೀಲಕ್ಕೆ ಹಾಕಿದೆ ಎಂದ. ಬೇರೆ ಏನೂ ಹೇಳಲಿಲ್ಲ. ಹಡಗುಕಟ್ಟೆಯ ಕಾಫಿ ಅಂಗಡಿಯಲ್ಲಿ ಮಾತ್ರ ಅಪ್ಪ ಆಗಲೇ ಶುರು ಮಾಡಿದ್ದಾನೆ. "ಬೆಂಕಿಗೂ ಬಿಡದ ಬೀಗ ಅದು. ಇಟಲಿಗೇ ಹೋಗಿ ಕತ್ತರಿಸ್ಬೇಕಾಯ್ತು" ಅಂತ ಹೇಳಿಕೊಂಡು ಓಡಾಡುತ್ತಾನೆ. ಡಿಸೆಂಬರ್‌ನಲ್ಲಿ ಬಾಗಿದ್ದ ಬೆನ್ನು ಈಗ ನೆಟ್ಟಗಿದೆ.

ಬೆಳಗ್ಗೆ ಫೆರಿಗೆ ಮುಂಚೆ ಅಪ್ಪ ಕಟ್ಟಿದ್ದ ಬಲೆಯಲ್ಲಿ ಹನ್ನೆರಡು ಕಣ್ಣು ಬಿಚ್ಚಿ ಮತ್ತೆ ಹಾಕಿ, ಮೊದಲಿದ್ದ ಹಾಗೇ ಮಡಚಿಟ್ಟೆ. ಹೇಳಲಿಲ್ಲ. ಹೊತ್ತಾಗಿತ್ತು.

ಫೆಬ್ರವರಿ 24, ಮಂಗಳವಾರ

ರಂಜಾನಿನ ಮೊದಲ ವಾರ. ರಾಕೆಟ್ ಹಾರಿತು. ನಮ್ಮ ಡಬ್ಬಿ ಹೊರಬಿತ್ತು ಎಂದು ರಾಕೆಟ್ಟಿನವರು ತಿಳಿಸಿದರು. ಸಂಜೆ ಅದು ನಮ್ಮ ಮೇಲೆ ಹಾದುಹೋಯಿತು. ಏನೂ ಕೇಳಿಸಲಿಲ್ಲ.

ಫೆಬ್ರವರಿ 25, ಬುಧವಾರ

ಏನೂ ಇಲ್ಲ. ದಾರ ಕಡಿದಿರಲಿಕ್ಕಿಲ್ಲ, ಅಥವಾ ಅದು ಎಲ್ಲಿದೆ ಎಂಬ ಲೆಕ್ಕವೇ ತಪ್ಪಿರಬಹುದು ಎನ್ನುತ್ತಾರೆ ಮದಾಮ್. ಒಟ್ಟಿಗೆ ಬಿಟ್ಟದ್ದು ನಲವತ್ತು ಡಬ್ಬಿ. ಯಾವುದು ಯಾರದೆಂದು ಗೊತ್ತಾಗಲು ದಿನಗಳು ಬೇಕಂತೆ. ಅನೀಸ್ ತನ್ನ ಬೆರಳುಗಳನ್ನೇ ನೋಡಿಕೊಂಡು ಕುಳಿತಿದ್ದ. "ಏಳು ಸಲ ಸರಿಯಾಗಿ ಕಟ್ಟಿದ್ದೀಯ, ಎಂಟನೇದೂ ಸರಿಯಾಗಿರತ್ತೆ" ಎಂದೆ. ಇದನ್ನು ಯಾವ ಆಧಾರದ ಮೇಲೆ ಹೇಳಿದೆನೋ.

ಫೆಬ್ರವರಿ 26, ಗುರುವಾರ

ಸಂಜೆ ಆರಕ್ಕೆ ಎಲ್ಲರೂ ತಾರಸಿಗೆ ಹೋದೆವು. ಕೆಳಗೆ ಯಾರದೋ ಮನೆಯಲ್ಲಿ ಉಪವಾಸ ಬಿಡಲು ಸೂಪು ಕುದಿಯುತ್ತಿತ್ತು, ವಾಸನೆ ಮೇಲೆ ಬರುತ್ತಿತ್ತು. ಹೊಸ ಲೆಕ್ಕದಂತೆ ಆಂಟೆನಾವನ್ನು ಸ್ವಲ್ಪ ಪೂರ್ವಕ್ಕೆ ತಿರುಗಿಸಿದ್ದರು.

ಆರು ಗಂಟೆ ಒಂಬತ್ತು ನಿಮಿಷಕ್ಕೆ ರೇಡಿಯೊ ಪೆಟ್ಟಿಗೆಯೊಳಗಿನಿಂದ ಕರ್ರ್ ಎಂದಿತು. ಹುರಿಯುವ ಎಣ್ಣೆಗೆ ನೀರು ಬಿದ್ದ ಹಾಗೆ. ನಿಂತಿತು. ಮತ್ತೆ ಕರ್ರ್. ಪರದೆಯ ಮೇಲೆ ಅದರ ಹೆಸರು ಬಂತು, ಬ್ಯಾಟರಿ ಎಷ್ಟಿದೆ, ಎಷ್ಟು ಚಳಿ ಎಂದೆಲ್ಲ ಬಂತು.

ಅನೀಸ್ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ಮದಾಮ್ ರೌದಾ ಗೋಡೆಯ ಕಡೆ ತಿರುಗಿ ನಿಂತರು. ಅಷ್ಟರಲ್ಲಿ ಅಜಾನ್ ಆಯಿತು. ಇಡೀ ದಿನ ಹನಿ ನೀರು ಕುಡಿಯದವರು ನಾವು, ಖರ್ಜೂರ ಕೈಯಲ್ಲೇ ಇತ್ತು. ಡಬ್ಬಿ ಮೂಡಣದಲ್ಲಿ ಇಳಿದುಹೋಗುವವರೆಗೆ, ಇನ್ನೂ ಐದು ನಿಮಿಷ, ಒಬ್ಬರೂ ಬಾಯಿಗೆ ಹಾಕಿಕೊಳ್ಳಲಿಲ್ಲ.

ಮಾರ್ಚ್ 2, ಸೋಮವಾರ

ಎರಡನೆಯ ಉಪಗ್ರಹಕ್ಕೆ ದುಂಡು ಕೊಕ್ಕೆಯ ಮಾದರಿ ಮಾಡಲು ಉಕ್ಕಿನ ತುಂಡು ಬೇಕಿತ್ತು. ಕಪಾಟು ತೆರೆದೆ. ಕಳಚಿದ ಸಾಮಾನಿನ ಡಬ್ಬಿಯಲ್ಲಿ ಒಂದು ಪುಟ್ಟ ಚೀಲ. ಅನೀಸನ ಕೈಬರಹ: ತೆಗೆದ ದಾರ, ಜನವರಿ 14.

ಭೂತಗನ್ನಡಿಯ ಕೆಳಗೆ ಹಿಡಿದೆ. ಉದ್ದಕ್ಕೂ ಒಂದೇ ಎಳೆ. ಒಂದು ಕಡೆ ಕತ್ತರಿಯ ಗುರುತು, ಕೊನೆಯಲ್ಲಿ ಒಂದು ಗಂಟು. ಬೀಗ ಹಾಕಿದ್ದರೆ ನಾಲ್ಕು ಕಡೆ ಸುತ್ತು ಉಳಿದಿರಬೇಕಿತ್ತು. ಉಳಿದಿರಲಿಲ್ಲ. ಕೈ ಅವತ್ತು ಕಾರ್ಯಾಗಾರದ ರೀತಿಯಲ್ಲೇ ಕಟ್ಟಿತ್ತು, ನಾನು ನೋಡದೆ ಇದ್ದಾಗ.

ಚೀಲ ಹಿಡಿದು ಮದಾಮ್ ಮುಂದೆ ನಿಂತೆ. "ನಿಮಗೆ ಗೊತ್ತಿತ್ತಾ?"

"ಅವತ್ತೇ ಗೊತ್ತಾಯ್ತು. ಅನೀಸ್ ಹೇಳಿದ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ, ಇನ್ನೊಂದ್ಸಲ ಅನುಮಾನ ಬಂದಾಗ ಬಾಯಿ ಬಿಡ್ತಿದ್ಯಾ?"

"ಬಿಡ್ತಿದ್ದೆ."

"ಬಿಡ್ತಿದ್ದೆ ಅಂತ ಕಾಣತ್ತೆ. ನನ್ನ ತಪ್ಪು" ಎಂದರು.

"ಎರಡನೇ ಆಂಟೆನಾ ಹೋಯ್ತಲ್ಲ."

"ಹೋಯ್ತು. ಬೀಗ ಇದ್ದಿದ್ರೆ ಎಲ್ಲಾನೂ ಹೋಗ್ತಿತ್ತು. ಚೀಲ ವಾಪಸ್ ಇಡು. ಕೊಕ್ಕೆ ಚಿತ್ರ ತೋರಿಸು."

ಸಂಜೆ ಮನೆಯಲ್ಲಿ ಉಪವಾಸ ಬಿಟ್ಟೆವು. ಡಬ್ಬಿಯ ಸದ್ದನ್ನು ಫೋನಿಗೆ ಹಾಕಿಕೊಂಡು ಬಂದಿದ್ದೆ, ಅಪ್ಪನಿಗೆ ಮತ್ತೆ ಕೇಳಿಸಿದೆ. ಮೂರು ಸಲ ಹಾಕಿಸಿಕೊಂಡ. ಆಮೇಲೆ ಚಮಚ ಕೆಳಗಿಟ್ಟು ಕೇಳಿದ, "ಅಲ್ಲ ಮಗಳೇ, ಆ ಕತ್ತರಿಸಿದ ದಾರ. ಅದನ್ನ ನೀನು ಕಣ್ಣಾರೆ ನೋಡಿದ್ಯಾ?"

"ಇವತ್ತು ನೋಡ್ದೆ."

"ಬೀಗ ಇತ್ತಾ?"

ಅವನ ಕೈ ಮೇಜಿನ ಮೇಲಿತ್ತು. ಬೆರಳು ತಾನಾಗಿಯೇ ಮೇಜುಬಟ್ಟೆಯ ಅಂಚಿನ ದಾರ ಸುತ್ತುತ್ತಿತ್ತು.

"ನಾಲ್ಕೂ ಕೊಕ್ಕೆಗೆ ಇತ್ತು ಬಾಬಾ" ಎಂದೆ.

"ಹೇಳಿರ್ಲಿಲ್ವಾ?" ಎಂದು ತನ್ನ ತಟ್ಟೆಯ ದೊಡ್ಡ ತುಂಡನ್ನು ಎತ್ತಿ ನನ್ನ ತಟ್ಟೆಗೆ ಹಾಕಿದ. ನಾಳೆ ಕಾಫಿ ಅಂಗಡಿಯಲ್ಲಿ ಹೇಗೆ ಹೇಳುವುದೆಂದು ಆಗಲೇ ಯೋಚಿಸುತ್ತಿದ್ದ ಹಾಗಿತ್ತು.

ಇಲ್ಲಾದರೂ ಸರಿಯಾಗಿ ಬರೆದಿರಬೇಕು. ಒಂದು ಕೊಕ್ಕೆಗೂ ಇರಲಿಲ್ಲ.